ಒಂಟಿಯಾಗಿ ಇಳಿದವರಿಗೆ ಮೂರು ಶಕ್ತಿ

ಮಲ್ಲಿಕಾಳಿಗೆ ಏನು ಕೆಲಸ ಎಂದು ಕೇಳಿದರೆ ಮುಂಬಯಿ ಹತ್ತಿರದ ಕಲ್ಯಾಣದ ಪೂರ್ವ ಭಾಗದ ಅವಳ ಚಾಳಿನವರು "ಯಾವುದೋ ಮೊಬೈಲ್ ಕಂಪನಿ" ಎಂದು ಹೇಳಿ ಸುಮ್ಮನಾಗುತ್ತಾರೆ. ಅವಳ ತಾಯಿ ಸಾಬವ್ವ ಮಾತ್ರ "ನಮ್ಮ ಮಲ್ಲಿ ದೆವ್ವ ಸಾಕ್ತಾಳ" ಎನ್ನುತ್ತಾಳೆ. ಎರಡರಲ್ಲಿ ತಾಯಿಯ ಮಾತೇ ನಿಜಕ್ಕೆ ಹತ್ತಿರ.

ನವಿ ಮುಂಬಯಿಯ ಮಹಾಪೆಯಲ್ಲಿ, ಒಂದು ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ, ಹನ್ನೆರಡು ಜನ ಸೇರಿ 'ಬಂದ್ ಮಿಲ್' ಎಂಬ ಹೆದರಿಕೆಯ ಆಟ ಕಟ್ಟುತ್ತಿದ್ದರು. ಮುಚ್ಚಿಹೋದ ಬಟ್ಟೆ ಗಿರಣಿಯೊಳಗೆ ನಾಲ್ವರು ಸಿಕ್ಕಿಬಿದ್ದಿದ್ದಾರೆ. ಮೂರು ಕಡೆ ಹೊಸ ಫ್ಯೂಸ್ ಹಾಕಿದರೆ ಗೇಟು ತೆರೆಯುತ್ತದೆ, ಓಡಿಹೋಗಬಹುದು. ಅದಕ್ಕೆ ಬಿಡದೆ ಬೆನ್ನಟ್ಟುವವನು ಮುಕಾದಮ. ಹಿಂದೆ ಆ ಗಿರಣಿಯ ಕೂಲಿಗಳ ಮೇಲೆ ದರ್ಬಾರು ಮಾಡಿ ಸತ್ತವನ ದೆವ್ವ. ಆಟ ಪೂರ್ತಿ ಸಿದ್ಧವಾಗಿಲ್ಲವಾದರೂ ಪರೀಕ್ಷೆಗೆಂದು ಊರೂರಿನ ಹಲವರಿಗೆ ಕೊಟ್ಟಿದ್ದರು; ಈ ಐವರೂ ಎಲ್ಲೆಲ್ಲೋ ಕೂತು ತಮ್ಮ ತಮ್ಮ ಫೋನಿನಲ್ಲಿ ಆಡುತ್ತಿರುವ ನಿಜವಾದ ಮನುಷ್ಯರು. ಮುಕಾದಮ ಹೊಡೆದರೆ ಬೀಳುತ್ತೀರಿ. ನಲವತ್ತು ಸೆಕೆಂಡಿನೊಳಗೆ ಇನ್ನೊಬ್ಬರು ಬಂದು ಎಬ್ಬಿಸದಿದ್ದರೆ ನಿಮ್ಮ ಕಥೆ ಮುಗಿಯಿತು.

ಆಟಕ್ಕೆ ಇಳಿಯುವ ಮುನ್ನ ಪ್ರತಿಯೊಬ್ಬರೂ ಇಪ್ಪತ್ನಾಲ್ಕು ಶಕ್ತಿಗಳಲ್ಲಿ ಮೂರನ್ನು ಆರಿಸಿಕೊಳ್ಳಬೇಕು. ಈ ಮೂರರ ಗಂಟಿಗೆ ಆಟದವರು ಲೋಡೌಟ್ ಎನ್ನುತ್ತಾರೆ. ಗೆಳೆಯರನ್ನು ಕಟ್ಟಿಕೊಂಡು ಬರುವವರಿಗೆ ಇದೇನು ಕಷ್ಟವಲ್ಲ. ಆಟದೊಳಗೆ ಮಾತಾಡಲು ಆಗದಿದ್ದರೂ ಬೇರೆ ಕರೆ ಹಚ್ಚಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಅಲ್ಲಿದ್ದಾನೆ ಇಲ್ಲಿದ್ದಾನೆ ಎಂದು ಕಿರುಚಾಡುತ್ತಲೇ ಪಾರಾಗುತ್ತಾರೆ. ಕಷ್ಟವೆಲ್ಲ ಒಂಟಿಯಾಗಿ ಬಂದು, ಗುರುತಿಲ್ಲದ ಮೂವರ ಜೊತೆ ಇಳಿಯುವ ಹೊಸಬರದು. ಅವರ ಕೈಗೆ ಇಪ್ಪತ್ನಾಲ್ಕರ ಪಟ್ಟಿ ಕೊಟ್ಟರೆ ಕಂಗಾಲಾಗುತ್ತಾರೆಂದು ಮೊದಲ ಮೂರನ್ನು ಕಂಪನಿಯೇ ಆರಿಸಿ ಕೊಡುತ್ತದೆ. ಆ ಮೂರು ಯಾವುವು ಎಂದು ನಿರ್ಧರಿಸುವುದು ಮಲ್ಲಿಕಾಳ ಕೆಲಸ.

ಒಂದೂವರೆ ಸಾವಿರ ಸಲ ಆ ಗಿರಣಿಗೆ ಇಳಿದು ಬಂದವಳು ಅವಳು. ಅಷ್ಟು ಆಡಿದವರಿಗೆ ಸ್ವಲ್ಪ ಜಂಬ ಬರುವುದು ಸಹಜ, ಅವಳಿಗೂ ಬಂದಿತ್ತು. ಹೆಚ್ಚು ತಲೆ ಕೆಡಿಸಿಕೊಳ್ಳದೆ ಮೂರನ್ನು ಆರಿಸಿದ್ದಳು. ತನ್ನ ಗಾಯಕ್ಕೆ ತಾನೇ ಕಟ್ಟಿಕೊಳ್ಳುವ 'ಪಟ್ಟಿ', ಸದ್ದಾಗದಂತೆ ನಡೆಯುವ 'ಬೆಕ್ಕಿನ ಹೆಜ್ಜೆ', ಹತ್ತು ಸೆಕೆಂಡು ಗಾಳಿಯಂತೆ ಹಾರುವ 'ಓಟ'. ಒಂಟಿಯಾಗಿ ಬಂದವರು ಒಂಟಿಯಾಗಿಯೇ ಬದುಕಿಕೊಳ್ಳಬೇಕಲ್ಲ! ಇದಕ್ಕಿಂತ ಸರಳವಾದ ಲೆಕ್ಕ ಇನ್ನೇನಿದೆ ಎಂದುಕೊಂಡಿದ್ದಳು.

ಬುಧವಾರ ಹೊರಗಿನಿಂದ ಹತ್ತು ಜನ ಹೊಸಬರನ್ನು ಕರೆಸಿ ಆಡಿಸಿದರು. ಒಂದು ಆಟ ಮುಗಿದ ಮೇಲೆ ಪರದೆಯ ಮೇಲೆ ಎರಡು ಗುಂಡಿ ಬರುತ್ತವೆ, 'ಮತ್ತೆ ಆಡು' ಮತ್ತು 'ಸಾಕು'. ಹತ್ತರಲ್ಲಿ ಏಳು ಜನ 'ಸಾಕು' ಒತ್ತಿ ಎದ್ದುಹೋದರು.

ಬೆಂಗಳೂರಿನಿಂದ ಬಂದಿದ್ದ ಅಂಬರೀಶ ಅವಳ ಮೇಲಧಿಕಾರಿ. ಅವನು ಬೈಯುವವನಲ್ಲ, ಅದೇ ಹೆಚ್ಚು ಕಷ್ಟ. "ನೋಡಿ ಮಲ್ಲಿಕಾ, ಶನಿವಾರ ಇನ್ನೊಂದ್ಸಲ ಟೆಸ್ಟ್ ಮಾಡೋಣ," ಎಂದ. "ಹತ್ತರಲ್ಲಿ ಆರು ಜನ ಆದ್ರೂ ಮತ್ತೆ ಆಡು ಅಂತ ಒತ್ಬೇಕು. ಇಲ್ಲಾಂದ್ರೆ ಒಂಟಿ ಆಟಾನೇ ತೆಗೆದುಬಿಡ್ತಾರೆ. ಆಮೇಲೆ ನಿಮ್ ಕಾಂಟ್ರ್ಯಾಕ್ಟ್ ಮುಂದುವರ್ಸಿ ಅಂತ ನಾನು ಯಾವ ಮುಖ ಇಟ್ಕೊಂಡು ಕೇಳ್ಲಿ?"

ಶುಕ್ರವಾರ ಮನೆಯಿಂದಲೇ ಕೆಲಸ. ಮಧ್ಯಾಹ್ನದವರೆಗೆ ಮಲ್ಲಿಕಾ ಇಪ್ಪತ್ನಾಲ್ಕು ಶಕ್ತಿಗಳನ್ನು ಹಿಂದೆ ಮುಂದೆ ಮಾಡಿ ಮೂವತ್ತು ಗಂಟು ಕಟ್ಟಿದಳು, ಮೂವತ್ತನ್ನೂ ಬಿಚ್ಚಿದಳು. ಎಲ್ಲವೂ ತನ್ನಂಥ ಪಳಗಿದವರಿಗೇ ಹೊಂದುತ್ತಿದ್ದವು. ಹೊಸಬರ ಕಣ್ಣು ಅವಳಿಗೆ ಎಂದೋ ಮರೆತುಹೋಗಿತ್ತು. ಎದುರಿಗೆ ನೆಲದ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಸಾಬವ್ವ ಮಗಳ ಮುಖವನ್ನೇ ನೋಡುತ್ತಿದ್ದಳು.

"ಏನವ್ವಾ, ಮುಂಜಾನಿಂದ ಅದನ್ನs ದಿಟ್ಟಿಸಾಕತ್ತಿ? ದೆವ್ವ ಸಿಟ್ಟಿಗೆದ್ದೈತೇನು?"

"ಅರೇ ಅವ್ವಾ, ನಿನಗ ಸಮಝ್‌ನಲ್ಲಿ ಬರಂಗಿಲ್ಲ," ಎಂದ ಮಲ್ಲಿಕಾ ಅರ್ಧಕ್ಕೇ ನಿಂತಳು. ತಿಳಿಯದವರೇ ಅಲ್ಲವೇ ಈಗ ಬೇಕಾಗಿರುವುದು! ಸೊಪ್ಪಿನ ಬುಟ್ಟಿ ಪಕ್ಕಕ್ಕೆ ಸರಿಸಿ ಫೋನನ್ನು ತಾಯಿಯ ಕೈಗಿತ್ತಳು. "ಎಡಗೈ ಹೆಬ್ಬೆರಳು ನಡೀಲಿಕ್ಕೆ, ಬಲಗೈದು ಕೆಲಸಕ್ಕೆ. ಇಷ್ಟೇ. ಆಡು."

ಸಾಬವ್ವ ಇಂಡಿ ತಾಲ್ಲೂಕಿನ ಹಳ್ಳಿಯಿಂದ ಬಂದು, ಹತ್ತೊಂಬತ್ತು ವರ್ಷ ಠಾಣೆ, ಡೊಂಬಿವಲಿಯ ಕಟ್ಟಡಗಳಲ್ಲಿ ಕಾಂಕ್ರೀಟು ಹೊತ್ತವಳು. ಮೊಣಕಾಲು ಕೈಕೊಟ್ಟ ಮೇಲೆ ಮನೆಯಲ್ಲಿದ್ದಾಳೆ. ಫೋನಿನಲ್ಲಿ ತಂಗಿಗೆ ದನಿ ಸಂದೇಶ ಕಳಿಸುವುದು ಬಿಟ್ಟರೆ ಮತ್ತೇನನ್ನೂ ಮುಟ್ಟಿದವಳಲ್ಲ. ಆದರೂ ಮಗಳು ಕೊಟ್ಟಿದ್ದನ್ನು ಬೇಡ ಎನ್ನದೆ ಗೋಡೆಗೆ ಒರಗಿ ಕೂತಳು. ಮಲ್ಲಿಕಾ ಆರಿಸಿದ್ದ ಆ ಮೂರು ಶಕ್ತಿಗಳೊಂದಿಗೇ ಗಿರಣಿಗೆ ಇಳಿದಳು.

ಎರಡು ನಿಮಿಷವೂ ಆಗಿರಲಿಲ್ಲ, ಬಾಯ್ಲರ್ ಕೋಣೆಯಲ್ಲಿ ಮುಕಾದಮ ಹೊಡೆದು ಕೆಡವಿದ. ಪರದೆಯ ಮೇಲೆ ನಲವತ್ತು, ಮೂವತ್ತೊಂಬತ್ತು ಎಂದು ಅಂಕಿ ಇಳಿಯತೊಡಗಿತು.

"ಯಾರರ ಬರ್ತಾರೇನು?" ಸಾಬವ್ವ ಕೇಳಿದಳು.

"ಬರಂಗಿಲ್ಲವ್ವ. ನೀ ಎಲ್ಲಿ ಬಿದ್ದೀಯಂತ ಅವರಿಗೆ ಗೊತ್ತಿಲ್ಲ."

ಸಾಬವ್ವ ಆದರೂ ಕಾದಳು. ಅಂಕಿ ಸೊನ್ನೆಗೆ ಬರುವವರೆಗೆ ಕಣ್ಣು ಮಿಟುಕಿಸಲಿಲ್ಲ. ಆಮೇಲೆ ಫೋನನ್ನು ಬೋರಲು ಹಾಕಿ, "ನನಗ ಬ್ಯಾಡಿದು," ಎಂದಳು. ಬುಧವಾರ ಆ ಏಳು ಜನ ಎದ್ದುಹೋದಾಗ ಅವರ ಮುಖದಲ್ಲಿದ್ದ ಕಳೆಯೇ ಈಗ ತಾಯಿಯ ಮುಖದಲ್ಲಿತ್ತು. ಹೆದರಿಕೆಯಲ್ಲ, ಸೋತ ಸಿಟ್ಟೂ ಅಲ್ಲ. ಯಾರೋ ಅವಮಾನ ಮಾಡಿದಂತೆ ಇತ್ತು.

ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿದ ಸಾಬವ್ವ ತಾನಾಗಿಯೇ ಮಾತು ತೆಗೆದಳು. "ಉಳಿದ ಮೂರು ಮಂದಿ ಖರೇ ಮಂದೀನಾ?"

"ಹೂಂ, ಖರೇ ಮಂದಿ. ಒಬ್ಬರು ಇಂದೋರ್‌ನಲ್ಲಿರಬಹುದು, ಒಬ್ಬರು ಗುವಾಹಾಟಿ."

"ಮತ್ತ ಖರೇ ಮಂದಿ ಇದ್ದೂ ನನ್ನ ಬೆಕ್ಕಿನಂಗ ಯಾಕ ಅಡ್ಡಾಡಿಸ್ದಿ? ಏನೇನದಾವು ಓದು ನೋಡೂಣು."

ಮಲ್ಲಿಕಾ ಇಪ್ಪತ್ನಾಲ್ಕನ್ನೂ ಒಂದೊಂದಾಗಿ ಕನ್ನಡದಲ್ಲಿ ಬಿಡಿಸಿ ಹೇಳಿದಳು. ಸಾಬವ್ವ ಸಂತೆಯಲ್ಲಿ ಬದನೆಕಾಯಿ ಆರಿಸುವಂತೆ ಹೆಚ್ಚಿನವನ್ನು ಪಕ್ಕಕ್ಕೆ ತಳ್ಳಿ ಮೂರನ್ನು ಹಿಡಿದಳು. ಮೊದಲನೆಯದು 'ಕಂದೀಲು', ಅದನ್ನು ಹಿಡಿದವರು ಎಲ್ಲಿದ್ದರೂ, ಗೋಡೆ ಅಡ್ಡವಿದ್ದರೂ, ಉಳಿದ ಮೂವರಿಗೆ ಆ ಬೆಳಕು ಕಾಣುತ್ತದೆ. ಎರಡನೆಯದು 'ಸೀಟಿ', ಊದಿದರೆ ಮೂವರಿಗೂ ಕೇಳುತ್ತದೆ, ಮುಕಾದಮನಿಗೂ ಕೇಳುತ್ತದೆ. ಮೂರನೆಯದು 'ಹೆಗಲು', ಬಿದ್ದವರನ್ನು ಅರ್ಧ ಹೊತ್ತಿನಲ್ಲೇ ಎಬ್ಬಿಸಬಹುದು.

ಮಲ್ಲಿಕಾ ನಕ್ಕುಬಿಟ್ಟಳು. "ಅವ್ವಾ, ಇವು ದೋಸ್ತರ ಜೋಡಿ ಆಡೋರು ತಗೊಳ್ಳೋದು. ಒಂಟಿ ಮಂದಿ ಇವನ್ನ ಮುಟ್ಟೋದೇ ಇಲ್ಲ."

"ದೋಸ್ತರಿಗೆ ಕಂದೀಲು ಯಾತಕ್ಕ? ಅವರು ಬಾಯಿಲೇ ಮಾತಾಡ್ತಾರಲ್ಲ," ಎಂದಳು ಸಾಬವ್ವ, ಮಗಳ ದಡ್ಡತನಕ್ಕೆ ಬೇಸರಪಟ್ಟು. "ಗುರ್ತಿಲ್ಲದೋರಿಗೇ ಬೇಕಿದು. ಸ್ಲ್ಯಾಬ್ ಹಾಕೂ ದಿನ ನಾವು ಸಾಲಿಗೆ ನಿಲ್ತಿದ್ವಿ. ಕೆಳಗಿನಾಕಿ ಒಡಿಶಾದಾಕಿ, ಮ್ಯಾಲಿನಾಕಿ ತೆಲಂಗಾಣದಾಕಿ. ಒಬ್ಬರ ಮಾತು ಒಬ್ಬರಿಗೆ ತಿಳೀತಿದ್ದಿಲ್ಲ, ಹೆಸರೂ ಗೊತ್ತಿದ್ದಿಲ್ಲ. ಕಾಂಕ್ರೀಟಿನ ಘಮೇಲಾ ಬುಟ್ಟಿ ಕೊಡೂಮುಂದ 'ಹಾಂ' ಅನ್ನಬೇಕು. ಅಕಿ 'ಹಾಂ' ಅಂದಮ್ಯಾಲೆ ಕೈ ಬಿಡಬೇಕು. ಅಕಸ್ಮಾತ್ ಅನ್ನದs ಬಿಟ್ಟರ, ಕಾಂಕ್ರೀಟು ತುಂಬಿದ ಘಮೇಲಾ ಯಾರದರ ಕಾಲ ಮ್ಯಾಲೆ. ಏಳು ಮಹಡಿತನಕ ಆ 'ಹಾಂ' ಒಂದರ ಮ್ಯಾಲೇ ಏರಿಸೀವಿ."

ಈ ಮಾತನ್ನು ಮಲ್ಲಿಕಾ ಹಿಂದೆಯೂ ಕೇಳಿದ್ದಳು, ಕೇಳಿಯೂ ಕೇಳದಂತೆ ಕೂತಿದ್ದಳು. ಈಗ ಸುಮ್ಮನೆ ತಾಯಿ ಹೇಳಿದ ಮೂರನ್ನೇ ಹಾಕಿ ಫೋನ್ ಕೊಟ್ಟಳು.

ಈ ಸಲ ಸಾಬವ್ವ ನೂಲಿನ ಕೋಣೆಯಲ್ಲಿ ಮೊದಲ ಫ್ಯೂಸ್ ಹಾಕಿದ ಕೂಡಲೇ ಸೀಟಿ ಊದಿದಳು. ಒಂದೂವರೆ ಸಾವಿರ ಆಟದ ಅನುಭವಿ ಮಲ್ಲಿಕಾ ಫೋನ್ ಕಸಿದುಕೊಳ್ಳಲು ಕೈಚಾಚಿದಳು. ಮುಕಾದಮನನ್ನು ಕೈಬೀಸಿ ಕರೆದಂತಾಯಿತಲ್ಲ! ಆದರೆ ಮುಕಾದಮ ಬರುವ ಮೊದಲೇ ಕತ್ತಲಿನಿಂದ ಒಂದು ಹೆಣ್ಣು ಗೊಂಬೆ ಓಡಿಬಂದು ಸಾಬವ್ವನ ಎದುರಿಗೆ ನಿಂತಿತು. ಎಲ್ಲಿಯ ಆಟಗಾರನೋ, ಹೆಣ್ಣೋ ಗಂಡೋ, ಯಾವ ಭಾಷೆಯೋ. ಆ ಗೊಂಬೆ ಒಂದು ಸಲ ಕುಕ್ಕರಗಾಲಿನಲ್ಲಿ ಕೂತು ಎದ್ದಿತು. ಮಾತಿಲ್ಲದ ಆಟದಲ್ಲಿ ಹೇಳಲು ಇರುವುದು ಅಷ್ಟೇ.

"ಹಾಂ ಅಂದ್ಲು ನೋಡು!" ಸಾಬವ್ವ ಹಿಗ್ಗಿ ಮಗಳ ತೊಡೆಗೆ ಬಡಿದಳು.

ಆಮೇಲೆ ನಡೆದದ್ದನ್ನು ಮಲ್ಲಿಕಾ ತಾಯಿಯ ಭುಜದ ಮೇಲಿಂದ ಬಗ್ಗಿ ನೋಡಿದಳು. ಕಂದೀಲು ಮುಂದೆ ಸಾಗಿದಂತೆ ಆ ಹೆಣ್ಣು ಗೊಂಬೆ ಹಿಂದೆ ಬಂತು; ಎರಡನೆಯ ಸೀಟಿಗೆ ಮತ್ತೊಬ್ಬ ಬಂದು ಸೇರಿದ. ಒಬ್ಬ ಫ್ಯೂಸ್ ಹಾಕುವಾಗ ಇನ್ನೊಬ್ಬ ಬಾಗಿಲು ಕಾದ. ಯಾರೂ ಹೇಳಿಕೊಟ್ಟಿರಲಿಲ್ಲ. ಮೂರನೆಯ ಫ್ಯೂಸೂ ಬಿದ್ದು ಗೇಟು ಕಿರ್ ಎಂದು ತೆರೆದಾಗ ಸಾಬವ್ವ ಹೊಸ್ತಿಲ ಮೇಲೆ ನಿಂತು ಬೆರಳು ಮಡಚಿ ಎಣಿಸಿದಳು. ಕಟ್ಟಡ ಕೆಲಸದ ದಿನಗಳಲ್ಲಿ ಸಂಜೆ ಟೆಂಪೋ ಹೊರಡುವ ಮುನ್ನ ಹೆಂಗಸರೇ ತಲೆ ಎಣಿಸಿಕೊಳ್ಳುತ್ತಿದ್ದರಂತೆ. ಒಂದು ತಲೆ ಕಡಿಮೆಯಾದರೂ ಡ್ರೈವರನ ಹಾರನ್ನಿಗೆ ಯಾರೂ ಜಗ್ಗುತ್ತಿರಲಿಲ್ಲ.

"ಮೂರು ಮಂದಿ ಅದೀವಿ. ಇನ್ನೊಂದು ಎಲ್ಲೈತಿ?"

"ಅವ್ವಾ, ಹೋಗು, ಹೊರಗ ಹೋಗು! ಗೇಟು ಒಂದು ನಿಮಿಷ ಆದಮ್ಯಾಲೆ ಮುಚ್ಚತೈತಿ!"

ಸಾಬವ್ವ ಹಿಂದಕ್ಕೆ ತಿರುಗಿದಳು. ಗೇಟಿನ ಪಕ್ಕದ ಗೋದಾಮಿನಲ್ಲಿ ನಾಲ್ಕನೆಯವನು ಬಿದ್ದುಕೊಂಡಿದ್ದ. ಎಬ್ಬಿಸಿದಳು. ಅವನು ಗೇಟಿನತ್ತ ಓಡಿದ. ಮುಕಾದಮ ಅವನ ಬೆನ್ನು ಹತ್ತುವಷ್ಟರಲ್ಲಿ ಸಾಬವ್ವ ಎದುರು ದಿಕ್ಕಿಗೆ ನಡೆದು, ನಿಂತು, ಸೀಟಿ ಊದಿದಳು. ದೆವ್ವ ತಿರುಗಿ ಅವಳತ್ತ ಬಂತು. ಮೂವರೂ ಗೇಟು ದಾಟಿದರು, ಸಾಬವ್ವ ಬಿದ್ದಳು, ಆಟ ಮುಗಿಯಿತು.

ಸೋತಿದ್ದಳು. ಎರಡು ಗುಂಡಿ ಬಂದವು. ಓದಲು ಬಾರದ ಸಾಬವ್ವ ಫೋನನ್ನು ಮಗಳತ್ತ ಚಾಚಿ, "ಮೂರೂ ಮಂದಿ ಪಾರಾದ್ರು. ಇನ್ನೊಮ್ಮೆ ಹಚ್ಚವ್ವಾ," ಎಂದಳು.

ಇಷ್ಟು ವರ್ಷ ಈ ಹೆಂಗಸಿನ ಪಕ್ಕದಲ್ಲೇ ಮಲಗಿ ಎದ್ದಿದ್ದೇನೆ, ಇವಳ ಕೈಯ ರೊಟ್ಟಿ ತಿಂದಿದ್ದೇನೆ, ಇವಳು ಯಾರೆಂದೇ ನನಗೆ ಗೊತ್ತಿರಲಿಲ್ಲವಲ್ಲ ಎಂದು ಬೆರಗಾಗಿ ಮಲ್ಲಿಕಾ ತಾಯಿಯ ಒರಟು ಬೆರಳುಗಳನ್ನು ನೋಡುತ್ತ ಕೂತಳು. ಬುಧವಾರದ ಏಳು ಜನ ಸತ್ತಿದ್ದಕ್ಕೆ ಎದ್ದುಹೋಗಿರಲಿಲ್ಲ. ಸತ್ತಿದ್ದು ಯಾರಿಗೂ ಕಾಣಲಿಲ್ಲವೆಂದು ಎದ್ದುಹೋಗಿದ್ದರು.

ಶನಿವಾರ ಬೆಳಿಗ್ಗೆ ಹೊಸ ಗಂಟನ್ನು ನೋಡಿ ಅಂಬರೀಶ ಹುಬ್ಬೇರಿಸಿದ. "ಕಂದೀಲು, ಸೀಟಿ, ಹೆಗಲು? ಇದರಲ್ಲಿ ತಪ್ಪಿಸ್ಕೊಳ್ಳೋಕೆ ಒಂದೂ ಇಲ್ವಲ್ರೀ. ಸೀಟಿ ಹೊಡೆದ್ರೆ ಮುಕಾದಮಂಗೂ ಕೇಳ್ಸುತ್ತೆ. ಹೊಸಬ್ರು ಸಾಯ್ತಾರೆ."

"ಸಾಯಲಿ ಸರ್," ಎಂದಳು ಮಲ್ಲಿಕಾ. "ನಾಲ್ಕು ಜನರಿಗೆ ಕಾಣೋ ಹಾಗೆ ಸಾಯಲಿ."

ಅಂಬರೀಶ ತಲೆ ಕೆರೆದುಕೊಂಡ. ಆದರೆ ತಡೆಯಲಿಲ್ಲ. ಪರೀಕ್ಷೆಯ ನಿಯಮವನ್ನು ಮಾತ್ರ ಮತ್ತೊಮ್ಮೆ ನೆನಪಿಸಿದ. ಆಡುವಾಗ ಕಂಪನಿಯವರು ತುಟಿಪಿಟಕ್ಕೆನ್ನುವಂತಿಲ್ಲ. ಆಟ ಮುಗಿದ ಮೇಲೆ ಆಡಿದವರು ಏನಾದರೂ ಕೇಳಿದರೆ ಉತ್ತರ ಹೇಳಬಹುದು, ಪುಸಲಾಯಿಸುವಂತಿಲ್ಲ.

ಒಬ್ಬೊಬ್ಬರಾಗಿ ಒಂಬತ್ತು ಜನ ಆಡಿದರು. ಐದು ಜನ 'ಮತ್ತೆ ಆಡು' ಒತ್ತಿದರು, ನಾಲ್ವರು 'ಸಾಕು' ಎಂದರು. ಇನ್ನೊಂದು ಬೇಕು. ಹತ್ತನೆಯವಳಾಗಿ ಬರಬೇಕಿದ್ದ ಡೊಂಬಿವಲಿಯ ಕಾಲೇಜು ಹುಡುಗಿ, ಲೋಕಲ್ ರೈಲು ದಿವಾ ನಿಲ್ದಾಣದಲ್ಲಿ ನಿಂತುಬಿಟ್ಟಿದೆ, ಬರಲಾಗುವುದಿಲ್ಲ ಎಂದು ಫೋನ್ ಮಾಡಿದಳು. ಅಂಬರೀಶ ಕೆಳಗಿಳಿದು ಹೋಗಿ ಕಟ್ಟಡದ ಕ್ಯಾಂಟೀನ್ ನಡೆಸುವ ಲೀಲಾಧರರನ್ನು ಕೈಹಿಡಿದು ಕರೆತಂದ. ಉಡುಪಿ ಕಡೆಯವರು, ಅರುವತ್ತರ ಹತ್ತಿರದವರು, ಸೊಂಟಕ್ಕೆ ಕಟ್ಟಿದ ಬಟ್ಟೆಯಲ್ಲೇ ಬಂದು ನಿಂತರು.

"ಇದೆಂತ ಮಾರಾಯ್ರೆ, ಸಾಂಬಾರಿಗೆ ಒಗ್ಗರಣೆ ಹಾಕ್ಲಿಕ್ಕುಂಟು ನಂಗೆ," ಎಂದು ಗೊಣಗುತ್ತಲೇ ಕುರ್ಚಿಯ ತುದಿಯಲ್ಲಿ ಕೂತರು. ಮಲ್ಲಿಕಾಳ ಕೆಲಸ ಉಳಿಯುವುದೂ ಹೋಗುವುದೂ ಒಗ್ಗರಣೆಯ ಅವಸರದಲ್ಲಿರುವ ಈ ಮನುಷ್ಯನ ಬೆರಳಲ್ಲಿತ್ತು.

ಲೀಲಾಧರರು ಮೊದಲು ಗೋಡೆಗೆ ಹೋಗಿ ಗುದ್ದಿಕೊಂಡರು, ಆಮೇಲೆ ಒಂದು ಕಂಬವನ್ನು ಮೂರು ಸುತ್ತು ಹಾಕಿದರು. ಹೇಗೋ ತಡಕಾಡಿ ಫ್ಯೂಸ್ ಹಾಕಿದವರು ತಟ್ಟನೆ ಸೀಟಿ ಒತ್ತಿದರು. ಅದು ಯಾವ ಉಪಾಯವೂ ಅಲ್ಲ. ಕ್ಯಾಂಟೀನಿನಲ್ಲಿ ತಿಂಡಿ ತಯಾರಾದ ಕೂಡಲೇ ಒಳಗಿನಿಂದ ಗಂಟೆ ಬಾರಿಸುವ ರೂಢಿ. ಮೂವತ್ತು ವರ್ಷದ ಕೈ ತನ್ನಷ್ಟಕ್ಕೆ ಕೆಲಸ ಮಾಡಿತ್ತು. ಕೆಲಸ ಮುಗಿದಾಗಲೆಲ್ಲ ಅವರು ಸೀಟಿ ಬಾರಿಸಿದರು, ಮುಗಿಯದಿದ್ದಾಗಲೂ ಬಾರಿಸಿದರು. ಅಂಬರೀಶ ಹಣೆ ಚಚ್ಚಿಕೊಂಡ.

ಗೋಡೆಯ ದೊಡ್ಡ ಪರದೆಯಲ್ಲಿ ಇಡೀ ಗಿರಣಿ ಮೇಲಿನಿಂದ ಕಾಣುತ್ತಿತ್ತು. ಸೀಟಿಯ ಕಡೆಗೆ ಮೂರು ಚುಕ್ಕೆಗಳು ಬಂದವು, ಸ್ವಲ್ಪ ಹೊತ್ತು ಜೊತೆಗೆ ನಡೆದವು, ಬೇರೆಯಾದವು. ಮೂರನೆಯ ಫ್ಯೂಸ್ ಹಾಕಿದವನು ಆ ಮೂವರಲ್ಲೇ ಒಬ್ಬ. ಗೇಟು ತೆರೆಯಿತು. ಅದೇ ಹೊತ್ತಿಗೆ ಲೀಲಾಧರರು ಗಿರಣಿಯ ಇನ್ನೊಂದು ತುದಿಯಲ್ಲಿ, ಬಟ್ಟೆಗೆ ಬಣ್ಣ ಹಾಕುವ ಕೋಣೆಯಲ್ಲಿ ಏಟು ತಿಂದು ಬಿದ್ದರು.

ನಲವತ್ತು. ಮೂವತ್ತೊಂಬತ್ತು.

ಮೂರು ಚುಕ್ಕೆಗಳೂ ಗೇಟಿನ ಹೊಸ್ತಿಲಲ್ಲಿದ್ದವು. ಒಂದು ಹೆಜ್ಜೆ ಇಟ್ಟರೆ ಗೆದ್ದಂತೆ. ನೆಲಕ್ಕೆ ಬಿದ್ದಿದ್ದ ಕಂದೀಲು ಬಣ್ಣದ ಕೋಣೆಯಲ್ಲಿ ಉರಿಯುತ್ತಲೇ ಇತ್ತು, ಅಷ್ಟು ಗೋಡೆಗಳ ಆಚೆಯಿಂದ ಅವರಿಗೆ ಕಾಣುತ್ತಿತ್ತು. ಒಂದು ಚುಕ್ಕೆ ಹೊರಗೆ ಹೋಯಿತು. ಉಳಿದ ಎರಡು ನಿಂತೇ ಇದ್ದವು. ಮೂವತ್ತೊಂದು. ಮೂವತ್ತು. ಇದ್ದಕ್ಕಿದ್ದಂತೆ ಒಂದು ತಿರುಗಿತು. ಅದರ ಬೆನ್ನಿಗೇ ಇನ್ನೊಂದು.

"ಅಯ್ಯೋ," ಎಂದ ಅಂಬರೀಶ, ತನ್ನದೇ ನಿಯಮ ಮರೆತು.

ಅವು ಓಡಿಬಂದವು. ನೂಲಿನ ಕೋಣೆ ದಾಟಿದವು, ಬಾಯ್ಲರ್ ದಾಟಿದವು. ಒಂದು ಚುಕ್ಕೆ ಮುಕಾದಮನ ಎದುರಿಗೇ ಹಾದು ಅವನನ್ನು ತನ್ನ ಹಿಂದೆ ಎಳೆದುಕೊಂಡು ಹೋಯಿತು. ಇನ್ನೊಂದು ಬಂದು ಲೀಲಾಧರರ ಪಕ್ಕ ಕೂತಿತು. ಏಳು ಸೆಕೆಂಡು ಉಳಿದಿರುವಾಗ ಅವರು ಎದ್ದು ನಿಂತರು. ಕಚೇರಿಯ ಹನ್ನೆರಡು ಜನರೂ ಕೆಲಸ ಬಿಟ್ಟು ಪರದೆಯೆದುರು ನಿಂತಿದ್ದರು. ಈ ಆಟವನ್ನು ಕಟ್ಟಿದವರೇ ಅವರು. ಗೇಟಿನ ಅಳತೆ, ದೆವ್ವದ ವೇಗ, ಕಂದೀಲಿನ ಬೆಳಕು ಎಲ್ಲವೂ ಅವರದೇ. ಆ ಇಬ್ಬರು ತಿರುಗಿ ಬಂದದ್ದನ್ನು ಮಾತ್ರ ಅವರಲ್ಲಿ ಯಾರೂ ಮಾಡಿರಲಿಲ್ಲ.

ಎದ್ದ ಲೀಲಾಧರರು ಗಾಬರಿಯಲ್ಲಿ ಗೇಟಿನ ಕಡೆಗಲ್ಲ, ಗೋಡೆಯ ಕಡೆಗೆ ಓಡಿದರು. ಎಬ್ಬಿಸಿದವನು ಅವರನ್ನು ಬಿಟ್ಟು ಹೋಗದೆ ಅಲ್ಲೇ ಸುಳಿದಾಡಿದ. ಮುಕಾದಮ ಮೊದಲು ಆಚೆಯವನನ್ನು ಕೆಡವಿ, ಈಚೆಗೆ ಬಂದು ಇವರಿಬ್ಬರನ್ನೂ ಕೆಡವಿದ. ಗೇಟು ಮುಚ್ಚಿತು. ಮೂವರೂ ಸೋತರು.

ಎರಡು ಗುಂಡಿ ಬಂದವು. ಲೀಲಾಧರರು ಒತ್ತಲಿಲ್ಲ. ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಅವರು ಯಾರಮ್ಮ?" ಎಂದು ಮಲ್ಲಿಕಾಳನ್ನು ಕೇಳಿದರು.

"ಗೊತ್ತಿಲ್ಲ ಅಂಕಲ್. ಎಲ್ಲಿಯವರೋ."

"ಬಾಗಿಲು ತೆಗೆದಿತ್ತಲ್ಲ. ಹೋಗಬಹುದಿತ್ತಲ್ಲ ಅವರಿಗೆ."

"ಹೋಗಬಹುದಿತ್ತು."

"ಈಗ ನಾನು ಇನ್ನೊಮ್ಮೆ ಆಡಿದ್ರೆ ಅವರೇ ಸಿಗ್ತಾರಾ?"

ಅಂಬರೀಶ ಅವಳನ್ನೇ ನೋಡಿದ. ಹೌದು ಎಂದುಬಿಟ್ಟರೆ ಮುಗಿಯಿತು, ಆರು ಆಗುತ್ತದೆ, ಕೆಲಸ ಉಳಿಯುತ್ತದೆ. ಮಲ್ಲಿಕಾಳ ನಾಲಿಗೆಯ ತುದಿಗೆ ಬಂದೇ ಬಂದಿತ್ತು. ಆದರೆ ಈಗ ತಾನೇ ಕಂಡದ್ದರ ಮೇಲೆ ಸುಳ್ಳು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ.

"ಇಲ್ಲ ಅಂಕಲ್, ಅವರು ಸಿಗಲಿಕ್ಕಿಲ್ಲ. ಬೇರೆ ಯಾರೋ ಇರ್ತಾರೆ."

ಲೀಲಾಧರರು ತಲೆಯಾಡಿಸಿದರು. ಸೊಂಟದ ಬಟ್ಟೆಗೆ ಕೈ ಒರೆಸಿಕೊಂಡು ಎದ್ದರು. ಬಾಗಿಲತ್ತ ಎರಡು ಹೆಜ್ಜೆ ಹೋದವರು ನಿಂತು, ತಿರುಗಿ ಬಂದು, ಮತ್ತೆ ಅದೇ ಕುರ್ಚಿಯಲ್ಲಿ, ಈ ಸಲ ಬೆನ್ನು ಒರಗಿಸಿ ಕೂತರು.

"ಆ ಬೇರೆಯವರೂ ಎಲ್ಲಿಯಾದ್ರೂ ಬಿದ್ದಿರ್ತಾರಲ್ಲ," ಎಂದು ಹೇಳಿ 'ಮತ್ತೆ ಆಡು' ಒತ್ತಿದರು.